ಬದುವಿನಾಚೆಯ ಭತ್ತಕ್ಕೆ ರೋಗ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮೂರು ಗಂಗಾವತಿ ಕಡೆ. ಈಗ ಗೋವಾದಾಗ, ಮಡಗಾಂವ್ ಹತ್ರ ಗೇಣಿಗೆ ಗದ್ದಿ ಮಾಡೇವ್ರಿ. ಜಯಾ ಭತ್ತ ಹಚ್ಚಿದ್ವಿ, ಎಲಿ ಎಲ್ಲಾ ತುದಿಯಿಂದ ಒಣಗಿದ್ವು. ಬದುವಿನಾಚೆ ಬೇರೆ ತಳಿಗೆ ಏನೂ ಆಗ್ಲಿಲ್ಲ. ಅದ್ರಾಗ ರೋಗ ತಡಿಯೋ ಜೀನ್ ಐತಂತ. ಅದನ್ನ ಕಂಡುಹಿಡಿಯೋದು ಹೆಂಗ್ರಿ?

ಉತ್ತರ: ಮೊದಲು ಅದು ದುಂಡಾಣು ಅಂಗಮಾರಿಯೇ (ಬ್ಯಾಕ್ಟೀರಿಯಾದಿಂದ ಎಲೆ ಒಣಗುವ ರೋಗ) ನೋಡಿಕೊಳ್ಳಿ. ಖಜಾನ್ ಗದ್ದೆಗೆ, ಅಂದರೆ ಗೋವಾದ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆಗೆ, ಉಪ್ಪುನೀರು ನುಗ್ಗಿದರೂ ಎಲೆ ತುದಿ ಒಣಗುತ್ತದೆ. ಒಣಗು ಹಸಿರಿಗೆ ಕೂಡುವಲ್ಲಿ ಎಲೆ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆ ಇಳಿದರೆ ಅಂಗಮಾರಿಯೇ.

ಇನ್ನು ಆಚೆಯ ಭತ್ತ. ಅದು ರೋಗ ತಡೆಯಿತೋ, ಅದಕ್ಕೆ ರೋಗ ತಾಗಲೇ ಇಲ್ಲವೋ? ನೀವು ಯೂರಿಯಾ ಒಂದು ಕೈ ಹೆಚ್ಚು ಎರಚಿದ್ದರೂ (ಯಾರು ಎರಚಲ್ಲ ಹೇಳಿ) ನಿಮ್ಮಲ್ಲೇ ರೋಗ ಜೋರಾಗುತ್ತದೆ. ಅದಕ್ಕೇ ತಳಿವಿಜ್ಞಾನಿಗಳು ರೋಗ ಬರಲೆಂದು ಕಾಯುವುದಿಲ್ಲ, ತಾವೇ ಹಚ್ಚುತ್ತಾರೆ. ದುಂಡಾಣು ಕಲಸಿದ ನೀರಿಗೆ ಕತ್ತರಿ ಅದ್ದಿ ಎಲೆತುದಿ ಕತ್ತರಿಸಿ, ಎರಡು ವಾರ ಬಿಟ್ಟು ಸ್ಕೇಲ್ ಹಿಡಿದು ಅಳೆಯುತ್ತಾರೆ. ಒಣಗು ಒಂದೆರಡು ಸೆಂ.ಮೀ.ಗೆ ನಿಂತರೆ ಗಿಡ ತಡೆದಿದೆ.

ಅಂಥ ಗಿಡವನ್ನು ರೋಗ ತಗಲುವ ತಳಿಯೊಂದಿಗೆ ಕೂಡಿಸಿ, ಮೊಮ್ಮಕ್ಕಳನ್ನು ಎಣಿಸುತ್ತಾರೆ. ನಾಲ್ಕರಲ್ಲಿ ಮೂರು ಪಾಲು ತಡೆದರೆ ಪ್ರಬಲ ಜೀನ್ ಒಂದೇ ಇದೆ. ಒಂದೇ ಪಾಲು ತಡೆದರೆ ಆ ಜೀನ್ ಅಡಗಿರುವ ಬಗೆಯದು, ಅಪ್ಪ-ಅಮ್ಮ ಇಬ್ಬರಿಂದಲೂ ಬಂದರಷ್ಟೇ ಕೆಲಸ ಮಾಡುತ್ತದೆ. ಆಮೇಲೆ, ತಡೆದ ಗಿಡಗಳಲ್ಲೆಲ್ಲ ಜೊತೆಗೇ ಬರುವ ಡಿಎನ್ಎ ಗುರುತು ಹುಡುಕಿ, 12 ವರ್ಣತಂತುಗಳಲ್ಲಿ ಯಾವುದರ ಯಾವ ಮೂಲೆ ಎಂದು ಹತ್ತಿರವಾಗುತ್ತಾ ಹೋಗುತ್ತಾರೆ.

ಎಕ್ಸ್‌ಎ 21 ಎಂಬ ಅಂಗಮಾರಿ ತಡೆಯುವ ಜೀನ್ ಸಿಕ್ಕಿದ್ದು ಆಫ್ರಿಕಾದ ಕಾಡುಭತ್ತದಲ್ಲಿ. ಅದನ್ನು ಬೇರ್ಪಡಿಸಿದ್ದು 1995ರಲ್ಲಿ. ಅದು ದುಂಡಾಣುವನ್ನು ಗುರುತು ಹಿಡಿಯುವ ಕಾವಲುಗಾರ. ಎಕ್ಸ್‌ಎ 13ರ ವರಸೆ ನನಗೆ ಇನ್ನೂ ಇಷ್ಟ. ದುಂಡಾಣು ಗಿಡದ ಸಕ್ಕರೆ ಬಾಗಿಲನ್ನು ತಾನೇ ತೆರೆಸಿ ಉಣ್ಣುತ್ತದೆ. ಈ ಜೀನ್‌ನಲ್ಲಿ ಅದು ಕೈಹಾಕುವ ಚಿಲಕವೇ ಬದಲಾಗಿದೆ, ಬಾಗಿಲು ತೆರೆಯುವುದಿಲ್ಲ! ಇವೆರಡನ್ನೂ ಎಕ್ಸ್‌ಎ 5 ಅನ್ನೂ ನಿಮ್ಮ ಕಡೆಯ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ ಭತ್ತಕ್ಕೆ ಸೇರಿಸಿದ್ದೇ ಹೈದರಾಬಾದಿನ ಸುಧಾರಿತ ಸಾಂಬಾ ಮಸೂರಿ, 2008ರದು.

ಆಚೆಯ ಗದ್ದೆಯ ಎಳೆ ಎಲೆ ಚೂರಿನಿಂದ ಪ್ರಯೋಗಾಲಯದಲ್ಲಿ ಇವು ಇವೆಯೇ ಎಂದು ನೋಡಬಹುದು. ಗೊತ್ತಿರುವ ಜೀನ್‌ಗಷ್ಟೇ ಅದು. ಹೊಸದಿದ್ದರೆ ಮತ್ತೆ ಕತ್ತರಿಯೇ ಗತಿ. ಅಲ್ಲಿಯವರೆಗೆ, ಬರುವ ಮಳೆಗಾಲಕ್ಕೆ ಆಚೆಯವರ ಬೀಜ ಒಂದು ಹಿಡಿ ಕೇಳಿ ತಂದು, ನಿಮ್ಮ ಜಯಾ ನಡುವೆ ನಾಲ್ಕು ಸಾಲು ಹಚ್ಚಿ ನೋಡ್ರಿ. ಯೂರಿಯಾ ಎರಡಕ್ಕೂ ಒಂದೇ ಅಳತೆ.