ಪದ ಪರಿಚಯ: ಕುಲಾಂತರಿ

ಒಂದು ಜೀವಿಯ ವಂಶವಾಹಿಯನ್ನು (ಜೀನ್) ಪ್ರಯೋಗಾಲಯದಲ್ಲಿ ಬೇರ್ಪಡಿಸಿ, ಸಹಜ ಸಂಕರದಿಂದ ಅದು ಎಂದೂ ತಲುಪಲಾರದ ಇನ್ನೊಂದು ಜೀವಿಯೊಳಗೆ ಸೇರಿಸಿದಾಗ ಸಿಗುವ ತಳಿಯನ್ನು ಕನ್ನಡದ ಪತ್ರಿಕೆಗಳು ‘ಕುಲಾಂತರಿ’ ಎಂದು ಕರೆಯುತ್ತವೆ. 2002ರಲ್ಲಿ ಭಾರತ ಸರ್ಕಾರ ಬಿಟಿ ಹತ್ತಿಯ, ಅಂದರೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿಯ, ಕೃಷಿಗೆ ಅನುಮತಿ ಕೊಟ್ಟ ಕಾಲದಿಂದ ಈ ಪದವನ್ನು ನಾವು ಓದುತ್ತ ಬಂದಿದ್ದೇವೆ. ಆದರೆ ಪದದ ಅರ್ಥವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದರ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಇಂಗ್ಲಿಷಿನ ‘ಜೆನೆಟಿಕಲಿ ಮಾಡಿಫೈಡ್’ ಎಂಬ ಮಾತಿನಲ್ಲಿ ‘ಮಾರ್ಪಡಿಸಿದ್ದು’ ಎಂಬ ಅರ್ಥವಿದೆಯೇ ಹೊರತು, ಎಲ್ಲಿಂದ ಎಲ್ಲಿಗೆ ಬಂದದ್ದು ಎಂಬ ಸೂಚನೆಯಿಲ್ಲ. ಕನ್ನಡದ ಪದದಲ್ಲಿ ಆ ಸೂಚನೆಯಿದೆ, ಅದರ ಜೊತೆಗೆ ಒಂದು ಅನುಮಾನವೂ ಇದೆ.

‘ಅಂತರ’ ಎಂಬುದು ದೇಶಾಂತರ, ರೂಪಾಂತರ, ಮತಾಂತರಗಳಲ್ಲಿ ‘ಮತ್ತೊಂದು’ ಎಂಬ ಅರ್ಥದಲ್ಲಿ ಬರುತ್ತದೆ. ಅದಕ್ಕೆ ‘ಇ’ ಸೇರಿ ವ್ಯಕ್ತಿಯನ್ನು ಸೂಚಿಸಿದಾಗ ನಮಗೆ ಮೊದಲು ನೆನಪಾಗುವುದು ‘ಪಕ್ಷಾಂತರಿ’. ಆ ಪದವನ್ನು ಯಾರೂ ಹೊಗಳಿಕೆಯಾಗಿ ಬಳಸುವುದಿಲ್ಲ. ‘ಕುಲಾಂತರಿ’ ಅದೇ ಅಚ್ಚಿನಲ್ಲಿ ಮೂಡಿದ ಪದವಾದ್ದರಿಂದ, ವಿಜ್ಞಾನದ ವಿವರ ಕಿವಿಗೆ ಬೀಳುವ ಮೊದಲೇ ‘ತನ್ನವರನ್ನು ಬಿಟ್ಟು ಹೋದದ್ದು’ ಎಂಬ ಭಾವ ಓದುಗನ ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ತುಳುನಾಡಿನಲ್ಲಿ ಈ ಭಾವಕ್ಕೆ ಇನ್ನಷ್ಟು ತೂಕವಿದೆ. ಇಲ್ಲಿಯ ಹಲವು ಸಮುದಾಯಗಳಲ್ಲಿ ತಾಯಿಯಿಂದ ಬರುವ ‘ಬರಿ’ಯನ್ನು, ಅಂದರೆ ಕುಲವನ್ನು, ಇಂದಿಗೂ ಕೇಳಿಯೇ ಮದುವೆಯ ಮಾತು ಮುಂದುವರಿಯುತ್ತದೆ. ಒಂದೇ ಬರಿಯವರು ಅಣ್ಣತಂಗಿಯರಿದ್ದಂತೆ, ಅವರೊಳಗೆ ಸಂಬಂಧ ಕೂಡದು. ಯಾವುದು ಯಾವುದರೊಡನೆ ಕೂಡಬಹುದು, ಯಾವುದು ಕೂಡದು ಎಂಬ ಎಣಿಕೆ ಮನೆಮಾತಿನಲ್ಲೇ ಇರುವ ನೆಲದಲ್ಲಿ, ಬ್ಯಾಕ್ಟೀರಿಯಾದ ಜೀನ್ ಬದನೆಯೊಳಗೆ ಬಂದಿದೆ ಎಂಬ ಸುದ್ದಿ ಬರಿಯ ಕೃಷಿ ಸುದ್ದಿಯಾಗಿ ಉಳಿಯುವುದು ಕಷ್ಟ.

ಉಡುಪಿಯವರಿಗೆ ಈ ಪದ ಹತ್ತಿರವಾದದ್ದು ಮಟ್ಟುಗುಳ್ಳದ ಮೂಲಕ. ಕಟಪಾಡಿಯಿಂದ ಪಶ್ಚಿಮಕ್ಕೆ, ಕಡಲಿನ ಮಗ್ಗುಲಲ್ಲಿರುವ ಮಟ್ಟು ಗ್ರಾಮದ ಈ ದುಂಡನೆಯ ತಿಳಿಹಸಿರು ಬದನೆಯ ಬೀಜವನ್ನು ಹದಿನಾರನೆಯ ಶತಮಾನದಲ್ಲಿ ಸೋದೆ ಮಠದ ವಾದಿರಾಜರು ಕೊಟ್ಟರೆಂಬ ನಂಬಿಕೆಯಿದೆ. ಮೊದಲ ಕೊಯ್ಲು ಇಂದಿಗೂ ಕೃಷ್ಣ ಮಠಕ್ಕೆ ಸಲ್ಲುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅದಕ್ಕೂ ಮೊದಲೇ, ಬಿಟಿ ಜೀನ್ ಸೇರಿಸಲೆಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆರಿಸಿಕೊಂಡ ಕರ್ನಾಟಕದ ಬದನೆ ತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದಾಗಿತ್ತು. ಸೇರಿಸಿದ್ದು ‘ಕ್ರೈ1ಎಸಿ’ ಎಂಬ ಜೀನ್. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಚಿಕ್ಕದಾಗಿ ‘ಬಿಟಿ’) ಎಂಬ ಬ್ಯಾಕ್ಟೀರಿಯಾದಿಂದ ಬಂದ ಇದು ಗಿಡದಲ್ಲಿ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಕುಡಿ ಮತ್ತು ಕಾಯಿ ಕೊರೆಯುವ ಹುಳದ ಕ್ಷಾರೀಯ ಕರುಳಿನಲ್ಲಿ ಆ ಪ್ರೋಟೀನ್ ಚುರುಕಾಗಿ, ಕರುಳಿನ ಗೋಡೆಗೆ ಅಂಟಿಕೊಂಡು ಅದನ್ನು ಛಿದ್ರಗೊಳಿಸುತ್ತದೆ. ಮನುಷ್ಯನ ಜಠರ ಆಮ್ಲೀಯವಾದದ್ದು, ಆ ಪ್ರೋಟೀನ್ ಅಂಟಿಕೊಳ್ಳುವ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ. ವಿಜ್ಞಾನಿಗಳ ಭರವಸೆ ನಿಂತಿರುವುದು ಮುಖ್ಯವಾಗಿ ಇದರ ಮೇಲೆ.

2009ರ ಅಕ್ಟೋಬರಿನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಸೂಚಿಸಿತು. ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಆ ಒಪ್ಪಿಗೆಯನ್ನು ತಕ್ಷಣ ಜಾರಿಗೊಳಿಸದೆ, 2010ರ ಜನವರಿ ಮತ್ತು ಫೆಬ್ರುವರಿಯಲ್ಲಿ ಏಳು ನಗರಗಳಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಿದರು. ಕೋಲ್ಕತ್ತದಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ ಮುಗಿಯಿತು, ಒಟ್ಟು ಸುಮಾರು 8000 ಜನ ಭಾಗವಹಿಸಿದರು. ಫೆಬ್ರುವರಿ 9ರಂದು ಹೊರಬಿದ್ದ ತಡೆಯಾಜ್ಞೆಗೆ ಸಚಿವರು ಕೊಟ್ಟ ಕಾರಣಗಳಲ್ಲಿ ವಿಜ್ಞಾನಿಗಳೊಳಗಿನ ಭಿನ್ನಮತ ಮತ್ತು ರಾಜ್ಯ ಸರ್ಕಾರಗಳ ವಿರೋಧದ ಜೊತೆಗೆ ಜನಾಭಿಪ್ರಾಯವೂ ಸ್ಪಷ್ಟವಾಗಿ ಇತ್ತು. ಒಂದು ತಳಿಯ ಬಗ್ಗೆ ಜನರ ಮನಸ್ಸಿನಲ್ಲಿ ಏನಿದೆ ಎಂಬುದು ಸರ್ಕಾರದ ಕಡತದಲ್ಲಿ ನಿರ್ಣಾಯಕ ಕಾರಣವಾಗಿ ದಾಖಲಾಗುವುದು ನಮ್ಮಲ್ಲಿ ಅಪರೂಪ. ಆ ಏಳರಲ್ಲಿ ಮಟ್ಟುವಿನ ಬೆಳೆಗಾರನಿಗೆ ಅತಿ ಸಮೀಪದ ಸಭೆ ಸುಮಾರು 400 ಕಿ.ಮೀ. ದೂರದ ಬೆಂಗಳೂರಿನದ್ದಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಜನಾಭಿಪ್ರಾಯವೆಂದರೆ ಅಜ್ಞಾನದ ಇನ್ನೊಂದು ಹೆಸರು ಎಂದು ತಿಳಿಯುವವರು ವಿಜ್ಞಾನ ವಲಯದಲ್ಲಿ ಬಹಳ ಮಂದಿ ಇದ್ದಾರೆ. ಅಂಕಿಅಂಶಗಳನ್ನು ಮೇಲಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಲ್ಲಿನ ವಿಜ್ಞಾನಿಗಳಲ್ಲಿ ಶೇ 88ರಷ್ಟು ಮಂದಿ ಕುಲಾಂತರಿ ಆಹಾರ ಸುರಕ್ಷಿತವೆಂದರೆ, ಸಾಮಾನ್ಯ ಜನರಲ್ಲಿ ಹಾಗೆಂದವರು ಶೇ 37 ಮಾತ್ರ. ಅದೇ ಕೇಂದ್ರ ಭಾರತವೂ ಸೇರಿದಂತೆ 20 ಕಡೆಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮಧ್ಯಾಂಕದ ಲೆಕ್ಕದಂತೆ, ಶೇ 48 ಮಂದಿ ಅಸುರಕ್ಷಿತವೆಂದರು, ಶೇ 13 ಮಂದಿ ಸುರಕ್ಷಿತವೆಂದರು. ಉಳಿದವರಲ್ಲಿ ಹೆಚ್ಚಿನವರು, ಅಂದರೆ ಶೇ 37 ಮಂದಿ, ಹೇಳುವಷ್ಟು ತಮಗೆ ತಿಳಿದಿಲ್ಲ ಎಂದರು. ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಸಂಖ್ಯೆ. ತಿಳಿದಿಲ್ಲ ಎಂದು ಒಪ್ಪಿಕೊಳ್ಳುವವರಿಗೆ ತಿಳಿಸುವ ಕೆಲಸ ಉಳಿದಿದೆ. ಅವರನ್ನು ವಿರೋಧಿಗಳ ಸಾಲಿಗೆ ಸೇರಿಸುವುದು ತಪ್ಪು.

ಅಜ್ಞಾನದ ವಾದ ಎಲ್ಲಿ ಸೋಲುತ್ತದೆಂಬುದನ್ನು ನಾನು ಕಾಪುವಿನ ನಮ್ಮ ದೊಡ್ಡಮ್ಮನ ಮನೆಯ ಫ್ರಿಜ್ಜಿನಲ್ಲಿ ಕಂಡೆ. ಬಾಗಿಲಿನ ಮೇಲಿನ ಅರೆಯಲ್ಲಿ ಅವರ ಇನ್ಸುಲಿನ್ ಪೆನ್ನು, ಕೆಳಗೆ ತರಕಾರಿಯ ಡಬ್ಬಿಯಲ್ಲಿ ತೊಟ್ಟಿಗೆ ಮುಳ್ಳಿರುವ ನಾಲ್ಕು ಮಟ್ಟುಗುಳ್ಳ. ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ತಯಾರಿಸಿದ ಇನ್ಸುಲಿನ್ 1982ರಿಂದ ಬಳಕೆಯಲ್ಲಿದೆ. ಇಂದು ಸಿಗುವ ಇನ್ಸುಲಿನ್ ಬಹುಮಟ್ಟಿಗೆ ಬರುವುದು ಇಂಥ ಕುಲಾಂತರಿ ಬ್ಯಾಕ್ಟೀರಿಯಾ ಅಥವಾ ಯೀಸ್ಟಿನಿಂದಲೇ. ಇದನ್ನು ವಿವರಿಸಿ, ಬಿಟಿ ಗುಳ್ಳ ಬಂದರೆ ತಿನ್ನುತ್ತೀರಾ ಎಂದು ಕೇಳಿದೆ. ಅವರು ಎಲ್ಲವನ್ನೂ ಗಮನವಿಟ್ಟು ಕೇಳಿ, “ಅದು ಮದ್ದು, ಬದುಕಲಿಕ್ಕೆ ಬೇಕು. ಗುಳ್ಳಕ್ಕೆ ಎಂತ ಕಾಯಿಲೆ ಬಂದಿದೆ ಅಂತ ಅದರ ಕುಲ ಬದಲಿಸಬೇಕು?” ಎಂದರು. ಅವರಿಗೆ ತಂತ್ರಜ್ಞಾನ ಅರ್ಥವಾಗಿತ್ತು. ಅವರು ಕೇಳುತ್ತಿದ್ದುದು ಅಗತ್ಯದ ಪ್ರಶ್ನೆಯನ್ನು. ಯುರೋಪಿನಲ್ಲಿ ದಶಕಗಳ ಕಾಲ ನಡೆದ ಯೂರೋಬ್ಯಾರೋಮೀಟರ್ ಸಮೀಕ್ಷೆಗಳಲ್ಲಿಯೂ ಇದೇ ಕಂಡುಬಂದಿದೆ: ಜೈವಿಕ ತಂತ್ರಜ್ಞಾನ ಔಷಧಿಯಾಗಿ ಬಂದಾಗ ಒಪ್ಪುವಷ್ಟು ಸುಲಭವಾಗಿ ಆಹಾರವಾಗಿ ಬಂದಾಗ ಜನ ಒಪ್ಪುವುದಿಲ್ಲ.

ಈ ಪದದ ಎರಡು ನೆರೆಹೊರೆಯ ಪದಗಳನ್ನೂ ಇಲ್ಲಿ ಗಮನಿಸಬೇಕು. ‘ಸಂಶ್ಲೇಷಿತ ಜೀವವಿಜ್ಞಾನ’ ಎಂಬುದು ಡಿಎನ್‌ಎಯ ಅಕ್ಷರಗಳನ್ನೇ ಬೇಕಾದಂತೆ ಜೋಡಿಸಿ ಹೊಸದಾಗಿ ಬರೆಯುವ ವಿದ್ಯೆ. 2010ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ಅವರ ತಂಡ ಹತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳ ಜೀನೋಮೊಂದನ್ನು ರಾಸಾಯನಿಕವಾಗಿ ಜೋಡಿಸಿ, ಅದರಿಂದ ಬ್ಯಾಕ್ಟೀರಿಯಾ ಕೋಶವೊಂದನ್ನು ನಡೆಸಿ ತೋರಿಸಿತು. ವಿಷಯ ಕುಲಾಂತರಿಗಿಂತ ಎಷ್ಟೋ ದೊಡ್ಡದು, ಆದರೆ ಹೆಸರು ಯಾವ ಚಿತ್ರವನ್ನೂ ಕೊಡದ ಕಾರಣ ಅದರ ಬಗ್ಗೆ ಇಲ್ಲಿ ಪರವೂ ಇಲ್ಲ, ವಿರೋಧವೂ ಇಲ್ಲ. ಇನ್ನೊಂದು ‘ಜೀನ್ ತಿದ್ದುಪಡಿ’. ಹೊರಗಿನ ಜೀನನ್ನು ಉಳಿಸದೆ ಇರುವುದನ್ನೇ ತಿದ್ದುವ ತಳಿಗಳಿಗೆ 2022ರಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ನಿಯಮಗಳಿಂದ ವಿನಾಯಿತಿ ನೀಡಿತು, 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ‘ತಿದ್ದು’ ಎಂಬುದು ಮೇಷ್ಟ್ರು ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವಾಗ ನಾವು ಬಳಸುವ ಪದ. ಬದನೆಗೆ ಎದುರಾದಂಥ ವಿರೋಧ ಆ ಭತ್ತಕ್ಕೆ ನಮ್ಮೂರುಗಳಲ್ಲಿ ಕಾಣದಿರುವುದಕ್ಕೆ ಪದದ ಮೃದುತ್ವವೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ಅನುಮಾನ ಹುಟ್ಟಿಸುವ ಪದದಿಂದ ಹೇಗೋ ಹಾಗೆಯೇ ನಂಬಿಕೆ ಹುಟ್ಟಿಸುವ ಪದದಿಂದಲೂ ಪ್ರಶ್ನೆಗಳು ಮುಚ್ಚಿಹೋಗಬಹುದು.

ಕಳೆದ ಚಳಿಗಾಲದಲ್ಲಿ ಮಟ್ಟುವಿನ ಗದ್ದೆಯೊಂದರ ಬದುವಿನಲ್ಲಿ ನಿಂತಿದ್ದಾಗ ಬೆಳೆಗಾರರೊಬ್ಬರು ಗುಳ್ಳವೊಂದನ್ನು ಕಿತ್ತು ತೋರಿಸಿದರು. ಹೊರಗೆ ಸೂಜಿಮೊನೆಯಷ್ಟು ತೂತು, ಒಡೆದರೆ ಒಳಗೆಲ್ಲ ಕಂದು ಹಿಕ್ಕೆ, ನಡುವೆ ನಸುಗೆಂಪು ಹುಳ. ಕಾಯಿಯೊಳಗೆ ಹೊಕ್ಕ ಮೇಲೆ ಯಾವ ಸಿಂಪಡಣೆಯೂ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ಹೊಕ್ಕುವ ಮೊದಲೇ ಮತ್ತೆ ಮತ್ತೆ ಸಿಂಪಡಿಸಬೇಕಾಗುತ್ತದೆ. ಬಿಟಿ ಬದನೆಯನ್ನು 2013ರಲ್ಲಿ ಒಪ್ಪಿಕೊಂಡ ಬಾಂಗ್ಲಾದೇಶದಲ್ಲಿ ಈ ಹುಳಕ್ಕೆಂದು ಹೊಡೆಯುವ ಕೀಟನಾಶಕ ಕಡಿಮೆಯಾಗಿದೆ ಎಂದೆ. “ಹುಳ ಬೀಳದ ಗುಳ್ಳ ಬೇಡ ಅನ್ನುವವರು ಯಾರು ಮಾರಾಯ್ರೆ?” ಎಂದ ಅವರು ಸಾಲಿನ ಕೊನೆಗೆ ಕರೆದುಕೊಂಡು ಹೋಗಿ, ಬೀಜಕ್ಕೆಂದು ಬಿಟ್ಟ ಒಂದು ಗುಳ್ಳವನ್ನು ತೋರಿಸಿದರು. ಅದು ಹಣ್ಣಾಗಿ ಹಳದಿ ತಿರುಗಿತ್ತು, ಯಾರೂ ಕೊಯ್ಯದಿರಲೆಂದು ತೊಟ್ಟಿಗೆ ಬಟ್ಟೆಯ ಚೂರೊಂದನ್ನು ಕಟ್ಟಿದ್ದರು. ಬಿಟಿಯದ್ದನ್ನೂ ಹೀಗೆ ಬೀಜಕ್ಕೆ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಕಂಪನಿಯ ಹೈಬ್ರಿಡ್ ಆದರೆ ಇಟ್ಟು ಪ್ರಯೋಜನವಿಲ್ಲ, ವಿಶ್ವವಿದ್ಯಾಲಯ ಸಿದ್ಧಪಡಿಸಿದ್ದು ಹೈಬ್ರಿಡ್ ಅಲ್ಲದ ತಳಿಯಾದ್ದರಿಂದ ಅದರ ಬೀಜವನ್ನು ರೈತರೇ ಇಟ್ಟುಕೊಳ್ಳಬಹುದಿತ್ತು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಲಾಟೆಯಾದ ಆ ವರ್ಷದಿಂದ ಇಲ್ಲಿಯವರೆಗೆ ಇದನ್ನು ತಮಗೆ ಯಾರೂ ಹೇಳಿರಲಿಲ್ಲ ಎಂದರು.