ಡ್ರ್ಯಾಗನ್‌ವುಡ್: ಯಾವಾಗ ದಾಳ ಹಾಕಬೇಕು, ಎಷ್ಟು ಕಾಯಬೇಕು?

ಪ್ರಶ್ನೆ: ಮಕ್ಕಳಿಗೆ ಡ್ರ್ಯಾಗನ್‌ವುಡ್ ಅನ್ನುವ ಕಾರ್ಡ್-ದಾಳದ ಆಟ ತಂದಿದ್ದೇವೆ. ಮಗಳು ಕೈತುಂಬಾ ಎಲೆ ಸೇರಲಿ ಅಂತ ಕಾಯುತ್ತಾ ಕೂರುತ್ತಾಳೆ. ಅಷ್ಟರಲ್ಲಿ ಅವಳ ಅಣ್ಣ ಒಳ್ಳೊಳ್ಳೆಯದನ್ನೆಲ್ಲ ಎತ್ತಿಕೊಂಡಿರುತ್ತಾನೆ. ಎಷ್ಟು ಎಲೆ ಆದಮೇಲೆ ದಾಳ ಹಾಕಬೇಕು? ಅಥವಾ ಇದೆಲ್ಲ ಬರೀ ಅದೃಷ್ಟನಾ?

ಉತ್ತರ: ಇದನ್ನೇ ತುಂಬಾ ಜನ ಕೇಳುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎದುರಿಗಿರುವ ಕಾರ್ಡಿನ ಪ್ರಾಣಿಯನ್ನು ಹಿಡಿಯಲು ದಾಳಗಳ ಮೊತ್ತ ಎಷ್ಟು ಬೇಕೋ ಅದರ ಅರ್ಧದಷ್ಟು ದಾಳ ಸಿಗುವಂತಿದ್ದರೆ ಹಾಕಿಬಿಡಿ. 8 ಬೇಕಾ, 4 ದಾಳ ಸಾಕು. 6 ಬೇಕಾ, 3 ಸಾಕು. ಅದಕ್ಕಿಂತ ಜಾಸ್ತಿ ಕಾದರೆ ಸುಮ್ನೆ ಸರದಿ ಹಾಳು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು 2015ರಲ್ಲಿ ಅಮೆರಿಕದ ಗೇಮ್‌ರೈಟ್ ತಂದ ಆಟ, 2ರಿಂದ 4 ಜನ ಆಡಬಹುದು, 8 ವರ್ಷ ದಾಟಿದ ಮಕ್ಕಳಿಗೆ ಸರಿಯಾಗುತ್ತದೆ. ನಿಮ್ಮ ಸರದಿ ಬಂದಾಗ ಒಂದು ಎಲೆ ಎತ್ತಿಕೊಳ್ಳಬೇಕು, ಇಲ್ಲವೇ ಎದುರಿಗೆ ಹರಡಿರುವ ಐದು ಕಾರ್ಡ್‌ಗಳಲ್ಲಿ ಒಂದರ ಮೇಲೆ ದಾಳಿ ಮಾಡಬೇಕು. ದಾಳಿ ಮೂರು ಥರ. ರಮ್ಮಿ ಆಡಿದವರಿಗೆ ಇದು ಬೇಗ ಹತ್ತುತ್ತದೆ: ಸೀಕ್ವೆನ್ಸ್ (ಸಾಲಾಗಿ ಬರುವ ಅಂಕಿಗಳು) ಆದರೆ ಹೊಡೆತ, ಒಂದೇ ಅಂಕಿಯ ಎಲೆಗಳಾದರೆ ತುಳಿತ, ಒಂದೇ ಬಣ್ಣದವಾದರೆ ಕೂಗು. ಚಿತ್ರದುರ್ಗದ ನಮ್ಮ ಮನೆಯಲ್ಲಿ ಮಕ್ಕಳು ಹೊಡೆತಕ್ಕೆ 'ಒನಕೆ ಏಟು' ಅಂತಲೇ ಹೆಸರಿಟ್ಟಿದ್ದಾರೆ. ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿ ಬೆಳೆದವರು ಇನ್ನೇನು ಇಡುತ್ತಾರೆ!

ಇಳಿಸಿದ ಒಂದೊಂದು ಎಲೆಗೆ ಒಂದೊಂದು ದಾಳ. ನಿಮ್ಮ ಮಗಳು ಎಡವುತ್ತಿರುವುದು ಇಲ್ಲೇ ಇರಬಹುದು. ಕೈಯಲ್ಲಿ 9 ಎಲೆ ಇದ್ದರೂ ಒಂದಕ್ಕೊಂದು ಹೊಂದುವುದು 4 ಮಾತ್ರ ಆಗಿದ್ದರೆ ಸಿಗುವುದು ನಾಲ್ಕೇ ದಾಳ. ಉಳಿದ ಐದು ಎಲೆಯಿಂದ ಆ ಹೊತ್ತಿಗೆ ಏನೂ ಉಪಯೋಗವಿಲ್ಲ.

ಈಗ ದಾಳವನ್ನೇ ಕೈಯಲ್ಲಿ ತಿರುಗಿಸಿ ನೋಡಿ. 5, 6 ಇಲ್ಲವೇ ಇಲ್ಲ. ಒಂದು ಮುಖದಲ್ಲಿ 1, ಎರಡರಲ್ಲಿ 2, ಎರಡರಲ್ಲಿ 3, ಒಂದರಲ್ಲಿ 4. ನಮ್ಮಜ್ಜಿ ಕನ್ನಡಕ ಏರಿಸಿಕೊಂಡು ಆರೂ ಮುಖ ನೋಡಿ, "ಇದು ಕವಡಿ ಇದ್ದಂಗೈತಲ್ಲ" ಅಂದರು. ಸರಿಯಾಗಿಯೇ ಹೇಳಿದರು. ಚೌಕಾಬಾರದಲ್ಲಿ ನಾಲ್ಕು ಕವಡೆ ಬಿಟ್ಟರೆ 2, 3 ಬೀಳುವಷ್ಟು ಸಲ ಚೌಕ ಬೀಳುವುದಿಲ್ಲ, ಬಾರ ಬೀಳುವುದಿಲ್ಲ. ಇಲ್ಲೂ ಹಾಗೆಯೇ, ನಡುವಿನ ಅಂಕಿಗಳೇ ಜಾಸ್ತಿ. ಒಂದು ದಾಳಕ್ಕೆ ಸರಾಸರಿ ಎರಡೂವರೆ.

ಲೆಕ್ಕ ಹಾಕಿ ನೋಡಿದೆ. 8 ಬೇಕಾಗಿದೆ ಅಂತ ಇಟ್ಟುಕೊಳ್ಳಿ. 2 ದಾಳದಲ್ಲಿ ಎರಡೂ 4 ಬಿದ್ದರೆ ಮಾತ್ರ ಆಗುತ್ತದೆ, ಅಂದರೆ 36ರಲ್ಲಿ ಒಂದೇ ಸಲ. 3 ದಾಳ ಬಿದ್ದಾಗ ಆಗುವ 216 ಬಗೆಯಲ್ಲಿ ಸರಿಯಾಗಿ 108, ಅರ್ಧಕ್ಕರ್ಧ. ಅದೇ 4 ದಾಳ ಹಾಕಿದರೆ ನೂರಕ್ಕೆ 90! ಒಂದೇ ಒಂದು ಎಲೆಗೆ ಇಷ್ಟು ವ್ಯತ್ಯಾಸ. ಹಾಗಾಗಿ ಮೂರರಿಂದ ನಾಲ್ಕಕ್ಕೆ ಕಾಯುವುದರಲ್ಲಿ ಅರ್ಥ ಇದೆ, ನಾಲ್ಕರಿಂದ ಐದಕ್ಕೆ ಕಾಯುವುದರಲ್ಲಿ ಅಷ್ಟಿಲ್ಲ.

ಆದರೆ ಅಣ್ಣನ ಕಣ್ಣು ಅದೇ ಕಾರ್ಡ್ ಮೇಲಿದ್ದರೆ? ಆಗ ಮೂರಕ್ಕೇ ಹಾಕಲು ಹೇಳಿ. ಸೋತರೆ ಒಂದು ಎಲೆ ಹೋಗುತ್ತದೆ, ಅಷ್ಟೇ, ಉಳಿದದ್ದು ಕೈಯಲ್ಲೇ ಇರುತ್ತದೆ. ಚಿಕ್ಕ ಮಕ್ಕಳು ಎಲ್ಲ ಕಳೆದುಕೊಳ್ಳುತ್ತೇವೆ ಅಂದುಕೊಂಡೇ ಹೆದರುತ್ತಾರೆ. ಅವಳಿಗೆ ಇದೊಂದನ್ನು ಬಿಡಿಸಿ ಹೇಳಿ.

ಅದೃಷ್ಟ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಯಾವ ಎಲೆ ಬರುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಯಾವಾಗ ಹಾಕಬೇಕು ಅನ್ನುವುದು ಮಾತ್ರ ನಮ್ಮದು, ಆಟದ ಸೊಗಸೆಲ್ಲ ಅಲ್ಲೇ ಇದೆ.

ಇನ್ನೊಂದು ವಿಷಯ. ಐದು ಕಾರ್ಡ್‌ಗಳ ನಡುವೆ ಆಯುಧ, ಮಂತ್ರದ ವಸ್ತುಗಳೂ ಬರುತ್ತವೆ. ಅವಕ್ಕೆ ಅಂಕ ಇಲ್ಲ ಅಂತ ಮಕ್ಕಳು ಬಿಟ್ಟುಬಿಡುತ್ತಾರೆ. ಕೆಲವು ಒಮ್ಮೆ ಕೈಸೇರಿದರೆ ಆಟದುದ್ದಕ್ಕೂ ದಾಳದ ಮೊತ್ತಕ್ಕೆ ಕೂಡುತ್ತಲೇ ಹೋಗುತ್ತವೆ. ಮೊತ್ತಕ್ಕೆ 2 ಸೇರಿದರೆ ಅದೇ ಮೂರು ದಾಳದಲ್ಲಿ 8 ಬರುವ ಸಾಧ್ಯತೆ ನೂರಕ್ಕೆ 50ರಿಂದ 88ಕ್ಕೆ ಏರುತ್ತದೆ. ಎರಡು ಡ್ರ್ಯಾಗನ್‌ಗಳು ಕಟ್ಟಿನ ಕೆಳಗಿನ ಅರ್ಧದಲ್ಲಿರುತ್ತವೆ, ಅವು ಬರುವಷ್ಟರಲ್ಲಿ ಇಂಥದ್ದೊಂದು ಮಗಳ ಹತ್ತಿರ ಇರಲಿ.