ರಾಟನ್ ಬರೋ: ಊರು ಅಳಿದ ಮೇಲೂ ಉಳಿದ ಮತಕ್ಷೇತ್ರ

ಬ್ರಿಟನ್ನಿನ ಸಂಸತ್ತಿನ ಚರಿತ್ರೆಯನ್ನು ಓದುವವರಿಗೆ ‘ರಾಟನ್ ಬರೋ’ ಎಂಬ ಪದ ಎದುರಾಗದೆ ಇರುವುದಿಲ್ಲ. ಕನ್ನಡದಲ್ಲಿ ಇದನ್ನು ‘ಕೊಳೆತ ಬರೋ’ ಎಂದು ಹೇಳಿದರೆ ಮಾತು ತಪ್ಪಾಗುವುದಿಲ್ಲ. ಆದರೆ ಓದುಗರು ಲಂಚ ಕೊಟ್ಟು ಮತ ಕೊಳ್ಳುತ್ತಿದ್ದ ಕ್ಷೇತ್ರವೆಂದಷ್ಟೇ ತಿಳಿಯುವ ಅಪಾಯವಿದೆ. ಲಂಚ ಕೊಡಬೇಕೆಂದರೂ ಪಡೆಯಲು ಮತದಾರನಿರಬೇಕಷ್ಟೆ. ಈ ಪದ ಮುಖ್ಯವಾಗಿ ಸೂಚಿಸುವುದು ಜನ ಕರಗಿ ಹೋದ ಮೇಲೂ ಪ್ರತಿನಿಧಿಗಳನ್ನು ಕಳಿಸುತ್ತಲೇ ಇದ್ದ ಊರುಗಳನ್ನು. ನಮ್ಮ ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತಿದೆ: ದೀಪ ಹಚ್ಚುವವರಿಲ್ಲದ ಊರು, ಕಾಗದದಲ್ಲಿ ಮಾತ್ರ ಉಳಿದ ಹೆಸರು. ಅಂಥ ಒಂದು ಬೇಚರಾಕ್ ಊರಿಗೆ ಲೋಕಸಭೆಯಲ್ಲಿ ಎರಡು ಸ್ಥಾನಗಳಿದ್ದರೆ ಹೇಗಿರುತ್ತದೆಂದು ಊಹಿಸಿಕೊಂಡರೆ ರಾಟನ್ ಬರೋ ಎಂದರೇನೆಂಬುದು ಬಹುಮಟ್ಟಿಗೆ ತಿಳಿದಂತೆಯೇ.

‘ಬರೋ’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಕೋಟೆ ಕಟ್ಟಿದ ಊರಿಗೆ ಇದ್ದ ಹೆಸರು. ಮುಂದೆ ಅದು, ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ಗೆ ಸಾಮಾನ್ಯವಾಗಿ ಇಬ್ಬರು ಸದಸ್ಯರನ್ನು ಕಳಿಸುವ ಹಕ್ಕಿದ್ದ ಪಟ್ಟಣಗಳಿಗೆ ಸಲ್ಲುವ ಮಾತಾಯಿತು. ಒಮ್ಮೆ ಬಂದ ಹಕ್ಕನ್ನು ಜನಸಂಖ್ಯೆಗೆ ತಕ್ಕಂತೆ ತಿದ್ದುವ ಏರ್ಪಾಡು ಯಾವುದೂ ಇರಲಿಲ್ಲ; ಬ್ರಿಟನ್ನಿನಲ್ಲಿ ಮೊದಲ ಜನಗಣತಿ ನಡೆದದ್ದೇ 1801ರಲ್ಲಿ. ಹದಿನೇಳನೆಯ ಶತಮಾನ ಮುಗಿಯುವ ಮೊದಲೇ ಇಂಗ್ಲೆಂಡಿನಲ್ಲಿ ಹೊಸ ಬರೋಗಳ ಸೃಷ್ಟಿಯೂ ನಿಂತುಹೋಯಿತು. ಹೀಗಾಗಿ ಊರುಗಳು ಬೆಳೆದರೂ ಬಡವಾದರೂ ಕ್ಷೇತ್ರಗಳ ಪಟ್ಟಿ ಮಾತ್ರ ಇದ್ದಂತೆಯೇ ಇತ್ತು. ಸಫೊಕ್ ಕರಾವಳಿಯ ಡನ್ವಿಚ್ ಬಂದರು ಹದಿಮೂರನೆಯ ಶತಮಾನದ ಚಂಡಮಾರುತಗಳಿಂದ ಮೊದಲ್ಗೊಂಡು ಬೀದಿ ಬೀದಿಯಾಗಿ ಕಡಲ ಪಾಲಾಯಿತು; ಅದರ ಎರಡು ಸ್ಥಾನಗಳು ಮಾತ್ರ 1832ರವರೆಗೂ ತೇಲುತ್ತಲೇ ಇದ್ದವು.

ಇವೆಲ್ಲಕ್ಕೂ ಮಾದರಿಯೆಂದು ಹೆಸರಾದದ್ದು ವಿಲ್ಟ್‌ಶೈರ್‌ನ ಓಲ್ಡ್ ಸೇರಮ್. ಅದೊಂದು ಗುಡ್ಡ. ಕಬ್ಬಿಣ ಯುಗದಲ್ಲಿ ತೋಡಿದ ಕಂದಕಗಳ ಒಳಗೆ ನಾರ್ಮನ್ ದೊರೆಗಳು ಕೋಟೆಯನ್ನೂ ಅದರ ಮಗ್ಗುಲಲ್ಲಿ ದೊಡ್ಡ ಇಗರ್ಜಿಯನ್ನೂ ಕಟ್ಟಿಸಿದರು. ಗಾಳಿ ಹೊಡೆತದ, ನೀರಿನ ಅಭಾವದ ಆ ಗುಡ್ಡದ ಮೇಲೆ ಪಾದ್ರಿಗಳಿಗೂ ಕೋಟೆಯ ಸೈನಿಕರಿಗೂ ಹೊಂದಾಣಿಕೆಯಾಗಲಿಲ್ಲ. ಕೊನೆಗೆ 1220ರಲ್ಲಿ ಕೆಳಗಿನ ಹೊಳೆಯ ಬಯಲಿನಲ್ಲಿ ಹೊಸ ಇಗರ್ಜಿಗೆ ಅಡಿಗಲ್ಲು ಬಿತ್ತು. ಇಗರ್ಜಿಯ ಹಿಂದೆ ಜನರೂ ಇಳಿದು ಹೋಗಿ ಅಲ್ಲಿ ಬೆಳೆದ ಊರೇ ಇಂದಿನ ಸಾಲ್ಸ್‌ಬರಿ. ಹೊಸ ಊರಿಗೆ ಅದರದೇ ಇಬ್ಬರು ಸದಸ್ಯರು ದೊರೆತರು. ಆದರೆ ಬರಿದಾದ ಗುಡ್ಡದ ಹಕ್ಕನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. 1295ರಲ್ಲಿ ಮೊದಲ ಬಾರಿಗೆ ಸದಸ್ಯರನ್ನು ಕಳಿಸಿದ್ದ ಓಲ್ಡ್ ಸೇರಮ್, ಹದಿನಾಲ್ಕನೆಯ ಶತಮಾನದಿಂದ ಮುಂದೆ ಸತತವಾಗಿ ಇಬ್ಬರನ್ನು ಆರಿಸುತ್ತ ಬಂತು.

ಜನರಿಲ್ಲದ ಕಡೆ ಮತ ಹಾಕುತ್ತಿದ್ದವರು ಯಾರು ಎಂಬುದೇ ಈ ಪದದ ಒಳಗುಟ್ಟು. ಅಂದಿನ ಬರೋಗಳಲ್ಲಿ ಮತದ ಹಕ್ಕಿಗೆ ಒಂದೇ ನಿಯಮವಿರಲಿಲ್ಲ. ಓಲ್ಡ್ ಸೇರಮ್‌ನಲ್ಲಿ ಹಕ್ಕು ಮನುಷ್ಯನಿಗಲ್ಲ, ‘ಬರ್ಗೇಜ್’ ಎಂಬ ಹಳೆಯ ನಿವೇಶನಗಳಿಗೆ ಅಂಟಿಕೊಂಡಿತ್ತು. ನಿವೇಶನದ ಪತ್ರ ಯಾರ ಹೆಸರಿನಲ್ಲಿದೆಯೋ ಅವನು ಮತದಾರ. ಮನೆಗಳು ಬಿದ್ದು, ಗೋಡೆಗಳು ಕರಗಿ, ನೆಲವೆಲ್ಲ ಪೈರಿನ ಹೊಲವಾದ ಮೇಲೂ ಕಾಗದದಲ್ಲಿ ನಿವೇಶನಗಳಿದ್ದವು. ಒಡೆಯ ಎಲ್ಲ ನಿವೇಶನಗಳನ್ನೂ ತಾನೇ ಕೊಂಡು, ಚುನಾವಣೆ ಹತ್ತಿರವಾದಾಗ ನಂಬಿಕೆಯ ನಾಲ್ಕಾರು ಜನರ ಹೆಸರಿಗೆ ಅವುಗಳನ್ನು ಬರೆದುಕೊಟ್ಟು, ಮತದಾನ ಮುಗಿದ ಮೇಲೆ ಹಿಂದಕ್ಕೆ ಬರೆಸಿಕೊಳ್ಳಬಹುದಿತ್ತು. ಚುನಾವಣೆಯ ದಿನ ಹೊಲದಲ್ಲಿ, ‘ಪಾರ್ಲಿಮೆಂಟ್ ಮರ’ ಎಂದೇ ಹೆಸರಾದ ಎಲ್ಮ್ ಮರದಡಿಯಲ್ಲಿ ಎಲ್ಲ ವಿಧಿಗಳೂ ನಡೆಯುತ್ತಿದ್ದವು. 1831ರಲ್ಲಿ ಮತದಾರರಿದ್ದದ್ದು ಹನ್ನೊಂದು ಮಂದಿ. ಅವರಲ್ಲಿ ಒಬ್ಬನೂ ಅಲ್ಲಿ ವಾಸವಾಗಿರಲಿಲ್ಲ. ಇಷ್ಟಾದರೂ ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಹಕ್ಕು ನೆಲಕ್ಕೆ ಸೇರಿದ್ದಾದರೆ ನೆಲದ ಜೊತೆಗೆ ಅದನ್ನೂ ಮಾರಬಹುದು. 1691ರಲ್ಲಿ ಸಾಲ್ಸ್‌ಬರಿಯ ಅರ್ಲ್‌ನಿಂದ (ಅರ್ಲ್ ಎಂಬುದು ಸಿರಿವಂತ ಕುಲೀನರ ಒಂದು ಬಿರುದು) ಓಲ್ಡ್ ಸೇರಮ್ ಅನ್ನು ಕೊಂಡವನು, ಇಂಡಿಯಾದ ವ್ಯಾಪಾರದಲ್ಲಿ ಹಣ ಮಾಡಿದ್ದ ಥಾಮಸ್ ಪಿಟ್. ಈತ ಮುಂದೆ ಮದರಾಸಿನ ಗವರ್ನರನಾದ. ಕೃಷ್ಣಾ ತೀರದ ಕೊಲ್ಲೂರು ಗಣಿಯ ಒಂದು ದೊಡ್ಡ ವಜ್ರವನ್ನು ಜಾಮ್‌ಚಂದ್ ಎಂಬ ವರ್ತಕನಿಂದ 48,000 ವರಹಗಳಿಗೆ ಕೊಂಡು, 1717ರಲ್ಲಿ ಬಾಲ ದೊರೆಯ ಪರವಾಗಿ ಫ್ರಾನ್ಸನ್ನು ಆಳುತ್ತಿದ್ದ ರೀಜೆಂಟನಿಗೆ 1,35,000 ಪೌಂಡಿಗೆ ಮಾರಿದ. ಆ ವಜ್ರ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಅವನ ಮೊಮ್ಮಗ ವಿಲಿಯಂ ಪಿಟ್, ಅಂದರೆ ಮುಂದೆ ಪ್ರಧಾನಿಯಾದ ಹಿರಿಯ ಪಿಟ್, 1735ರಲ್ಲಿ ಸಂಸತ್ತಿಗೆ ಕಾಲಿಟ್ಟದ್ದು ಈ ಮನೆತನದ ಗುಡ್ಡದಿಂದಲೇ. 1802ರಲ್ಲಿ ಅದು ಕ್ಯಾಲಡನ್ನಿನ ಅರ್ಲ್‌ಗೆ 60,000 ಪೌಂಡಿಗೆ ಮಾರಾಟವಾಯಿತು. ಆ ಜಮೀನಿನ ವಾರ್ಷಿಕ ಗೇಣಿ ಹೆಚ್ಚೆಂದರೆ 700 ಪೌಂಡು. ಉಳಿದ ಬೆಲೆಯೆಲ್ಲ ಎರಡು ಸ್ಥಾನಗಳದ್ದು. ಕ್ಯಾಲಡನ್ ಮನೆತನದ ಸಿರಿಯೂ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಿಂದ ಬಂದದ್ದೇ. ಹೀಗೆ ಓಲ್ಡ್ ಸೇರಮ್‌ನ ಕೊನೆಯ 140 ವರ್ಷಗಳ ಬೆಲೆಯನ್ನು ತೆತ್ತದ್ದು ಬಹುಪಾಲು ನಮ್ಮ ದೇಶದಿಂದ ಹೋದ ಹಣ.

ಇಲ್ಲಿ ‘ಪಾಕೆಟ್ ಬರೋ’ ಎಂಬ ಜೋಡಿ ಪದವನ್ನೂ ಬೇರ್ಪಡಿಸಿಕೊಳ್ಳಬೇಕು. ಎರಡನ್ನೂ ಒಂದೇ ಎಂಬಂತೆ ಬರೆಯುವವರು ಬಹಳ. ಒಬ್ಬ ಒಡೆಯನ ಜೇಬಿನಲ್ಲಿರುವ ಕ್ಷೇತ್ರವೇ ಪಾಕೆಟ್ ಬರೋ. ಅಲ್ಲಿ ನಿಜವಾದ ಊರೂ ನೂರಾರು ಮತದಾರರೂ ಇರಬಹುದು, ಆದರೆ ಅವರು ಒಡೆಯನ ಒಕ್ಕಲುಗಳಾಗಿ ಅವನು ಹೇಳಿದವರಿಗೇ ಮತ ಹಾಕುತ್ತಿದ್ದರು. ಯಾರ್ಕ್‌ಶೈರ್‌ನ ಮಾಲ್ಟನ್ ಅಂಥದ್ದು. ಅಲ್ಲಿಂದ ಆರಿಸಿ ಬರುತ್ತಿದ್ದ, ರಾಜಕಾರಣಿಯೂ ಹೆಸರಾಂತ ವಾಗ್ಮಿಯೂ ಆದ ಎಡ್ಮಂಡ್ ಬರ್ಕ್ 1785ರ ಫೆಬ್ರವರಿ 28ರಂದು ಆರ್ಕಾಟ್ ನವಾಬನ ಸಾಲಗಳ ಮೇಲೆ ಮಾಡಿದ ಭಾಷಣ ಕನ್ನಡಿಗರಿಗೂ ಸಂಬಂಧಪಟ್ಟದ್ದು. ಹೈದರ್ ಅಲಿ 1780ರಲ್ಲಿ ಕರ್ನಾಟಿಕ್ ಸೀಮೆಯ, ಅಂದರೆ ಆರ್ಕಾಟ್ ನವಾಬನ ನಾಡಿನ, ಮೇಲೆ ಬಿದ್ದ ಬಗೆಯನ್ನು ಅದರಲ್ಲಿ ಆತ ಭಯಂಕರವಾಗಿ ಬಣ್ಣಿಸಿದ. ನವಾಬನಿಗೆ ಸಾಲ ಕೊಟ್ಟು ಕೊಬ್ಬಿದ ಪಾಲ್ ಬೆನ್‌ಫೀಲ್ಡ್ ಎಂಬವನು ತಾನೂ ಸೇರಿದಂತೆ ಎಂಟು ಸದಸ್ಯರನ್ನು ಸಂಸತ್ತಿಗೆ ತಂದಿದ್ದನೆಂದು ದೂರಿದ್ದೂ ಅದೇ ಭಾಷಣದಲ್ಲಿ. ತಾನು ನಿಂತ ನೆಲವೂ ಒಬ್ಬ ಅರ್ಲ್‌ನ ಜೇಬೆಂಬುದು ಬರ್ಕ್‌ನಿಗೆ ತೊಡಕಾದಂತೆ ಕಾಣುವುದಿಲ್ಲ.

‘ಕೊಳೆತ’ ಎಂಬ ವಿಶೇಷಣಕ್ಕೆ ಹೆಚ್ಚಿನ ಬಲ ಬಂದದ್ದು ಹಿರಿಯ ಪಿಟ್‌ನಿಂದ. 1766ರಲ್ಲಿ ಅಮೆರಿಕದ ವಸಾಹತುಗಳ ಮೇಲಿನ ತೆರಿಗೆಯ ಚರ್ಚೆಯಲ್ಲಿ ಆತ, ಸಣ್ಣ ಬರೋಗಳ ಪ್ರಾತಿನಿಧ್ಯವು ಸಂವಿಧಾನದ ಕೊಳೆತ ಭಾಗ, ಅದು ಇನ್ನೊಂದು ನೂರು ವರ್ಷ ಬಾಳದು, ತಾನಾಗಿ ಉದುರದಿದ್ದರೆ ಕತ್ತರಿಸಬೇಕಾದೀತು ಎಂದ. ಓಲ್ಡ್ ಸೇರಮ್ ಹನ್ನೆರಡು ವರ್ಷ ಹೊತ್ತು ಬೆಳೆಸಿದವನ ಬಾಯಲ್ಲಿ ಈ ಮಾತು! ಅವನ ಮಗ ಕಿರಿಯ ಪಿಟ್ 1785ರಲ್ಲಿ, ಒಡೆಯರಿಗೆ ಪರಿಹಾರ ಕೊಟ್ಟು 36 ಬರೋಗಳನ್ನು ತೆಗೆಯಹೊರಟು ಸೋತ. ಪರಿಹಾರದ ಆ ಯೋಚನೆಯೇ ಪದದ ಅರ್ಥವನ್ನು ಬಿಚ್ಚಿಡುತ್ತದೆ: ಸ್ಥಾನವೆಂಬುದು ಸುಧಾರಕರ ಕಣ್ಣಿಗೂ ಆಸ್ತಿಯೇ ಆಗಿತ್ತು. ಹಳೆಯ ಪದ್ಧತಿಯ ಪರವಾಗಿ ವಾದವಿರಲಿಲ್ಲವೆಂದಲ್ಲ. ಪಿಟ್, ಬರ್ಕ್‌ರಂಥ ಪ್ರತಿಭಾವಂತರು ಒಳಬಂದದ್ದು ಈ ಬಾಗಿಲುಗಳಿಂದಲೇ, ಪ್ರತಿಯೊಬ್ಬ ಸದಸ್ಯನೂ ಇಡೀ ದೇಶದ ಪ್ರತಿನಿಧಿಯಾದ್ದರಿಂದ ಮ್ಯಾಂಚೆಸ್ಟರಿಗೆ ಬೇರೆ ಸದಸ್ಯ ಬೇಕಿಲ್ಲ ಎಂದು ಅದರ ಪರವಾದವರು ಹೇಳುತ್ತಿದ್ದರು. ಲಕ್ಷ ಮೀರಿದ ಜನರ ಆ ನಗರಕ್ಕೆ ಇದು ರುಚಿಸಲಿಲ್ಲ.

1831ರ ಮಾರ್ಚಿನಲ್ಲಿ ಸುಧಾರಣಾ ಮಸೂದೆ ಎರಡನೆಯ ವಾಚನದಲ್ಲಿ 302ಕ್ಕೆ 301, ಅಂದರೆ ಒಂದೇ ಮತದಿಂದ ಗೆದ್ದಿತು. ಅಕ್ಟೋಬರಿನಲ್ಲಿ ಮೇಲ್ಮನೆ ಅದರ ಮುಂದಿನ ರೂಪವನ್ನು ತಳ್ಳಿಹಾಕಿದಾಗ ನಾಟಿಂಗ್‌ಹ್ಯಾಮ್, ಡರ್ಬಿ, ಬ್ರಿಸ್ಟಲ್‌ಗಳಲ್ಲಿ ದಂಗೆಗಳಾದವು. ಕೊನೆಗೆ 1832ರ ಜೂನ್ 7ರಂದು ಕಾಯಿದೆ ಜಾರಿಗೆ ಬಂದು 56 ಬರೋಗಳು ಒಮ್ಮೆಗೇ ಅಳಿದವು; ಓಲ್ಡ್ ಸೇರಮ್, ಡನ್ವಿಚ್ ಎರಡೂ ಆ ಪಟ್ಟಿಯಲ್ಲಿದ್ದವು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್, ಶೆಫೀಲ್ಡ್‌ಗಳಿಗೆ ಎರಡೆರಡು ಸ್ಥಾನಗಳು ಬಂದವು. ಪಾಕೆಟ್ ಬರೋಗಳು ಮಾತ್ರ ಅಷ್ಟು ಬೇಗ ಸಾಯಲಿಲ್ಲ. ಗುಪ್ತ ಮತದಾನ ಬಂದದ್ದು 1872ರಲ್ಲಿ. ಮಾಲ್ಟನ್ ಪ್ರತ್ಯೇಕ ಬರೋ ಕ್ಷೇತ್ರವಾಗಿ 1885ರವರೆಗೂ ಉಳಿದಿತ್ತು.

ಇಂದು ಮತದಾರರು ಕಡಿಮೆಯಿರುವ ಯಾವ ಕ್ಷೇತ್ರವನ್ನಾದರೂ ಪತ್ರಿಕೆಗಳು ರಾಟನ್ ಬರೋ ಎಂದು ಕರೆದುಬಿಡುವುದುಂಟು. ಇದು ಸಡಿಲವಾದ ಬಳಕೆ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಕ್ಷೇತ್ರದಲ್ಲಿ ಸುಮಾರು 21,000 ಮತದಾರರಿದ್ದಾರೆ. ಉಳಿದ ಬಹುತೇಕ ಕ್ಷೇತ್ರಗಳಲ್ಲಿ 70,000ಕ್ಕೂ ಹೆಚ್ಚು. ದ್ವೀಪಗಳೆಂಬ ಕಾರಣಕ್ಕೆ ಕಾನೂನೇ ಆ ಕ್ಷೇತ್ರಕ್ಕೆ ವಿನಾಯಿತಿ ಕೊಟ್ಟಿದೆ, ಅಲ್ಲಿ ಬದುಕುವವರೇ ಅಲ್ಲಿ ಮತ ಹಾಕುತ್ತಾರೆ, ಆ ಸ್ಥಾನವನ್ನು ಯಾರೂ ಕ್ರಯಪತ್ರ ಬರೆದು ಮಾರಲಾರರು. ಅದನ್ನು ಚಿಕ್ಕ ಕ್ಷೇತ್ರವೆನ್ನಬಹುದು, ರಾಟನ್ ಬರೋ ಎನ್ನಲಾಗದು.